ಬಳಗದ ಬಾಗಿಲು ಎಷ್ಟು ಅಗಲ ಇರಬೇಕು?

ಪ್ರಶ್ನೆ: ನಾವು ಹನ್ನೆರಡು ಜನ ತಿಂಗಳಿಗೊಮ್ಮೆ ಸೇರುತ್ತೇವೆ. ಶುರುವಾಗಿದ್ದು ಆರ್ಡುಯಿನೊ, ರಾಸ್‌ಬೆರಿ ಪೈ ಅನ್ನುವ, ಪ್ರೋಗ್ರಾಂ ಬರೆದು ಓಡಿಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡುಗಳಿಂದ. ಈಗ ಒಬ್ಬರಿಗೆ ಲಿನಕ್ಸ್ (ವಿಂಡೋಸ್ ಥರದ, ಆದರೆ ಮುಕ್ತವಾದ ಆಪರೇಟಿಂಗ್ ಸಿಸ್ಟಮ್) ಬೇಕು, ಇನ್ನೊಬ್ಬರಿಗೆ ಎಐ, ಮತ್ತೊಬ್ಬರಿಗೆ ಡ್ರೋನ್. ‘ಟೆಕ್ನಾಲಜಿ ಬಳಗ’ ಅಂತ ಹೆಸರು ಬದಲಿಸಿ ಎಲ್ಲರನ್ನೂ ಕರೆಯೋಣ ಅನ್ನುತ್ತಾರೆ ಕೆಲವರು. ಹಾಗೆ ಮಾಡಿದರೆ ಕೊನೆಗೆ ಯಾವ ಫೋನ್ ತಗೊಳ್ಳಲಿ ಅನ್ನುವ ಹರಟೆಯೊಂದೇ ಉಳಿಯುತ್ತದೇನೋ ಅಂತ ನನಗೆ ಭಯ.

ಉತ್ತರ: ನಿಮ್ಮ ಭಯ ಸುಮ್ನೆ ಅಲ್ಲ. ಟೆಕ್ನಾಲಜಿ ಅಂದರೆ ಕೈಗಡಿಯಾರದಿಂದ ರಾಕೆಟ್‌ವರೆಗೆ ಎಲ್ಲವೂ ಬಂತು. ಆ ಹೆಸರು ಕೇಳಿದವರಿಗೆ ಇದು ನನಗೋ ಅಲ್ಲವೋ ಅನ್ನುವುದೇ ತಿಳಿಯುವುದಿಲ್ಲ. ಹಾಗಂತ ಬೋರ್ಡು ಬಿಟ್ಟು ಬೇರೆ ಮಾತೇ ಬೇಡ ಅಂದರೂ ಕಷ್ಟ. ಆರು ತಿಂಗಳಲ್ಲಿ ಅದೇ ಹನ್ನೆರಡು ಮುಖ, ಅದೇ ಮಿಣುಕುವ ಎಲ್‌ಇಡಿ. (ಅದನ್ನು ಮಿಣುಕಿಸಿ ಖುಷಿಪಡದವರು ಯಾರಿದ್ದಾರೆ ಹೇಳಿ!)

ಗೆರೆಯನ್ನು ಕೆಲಸದ ಸುತ್ತ ಎಳೆದು ನೋಡಿ. ಬಂದವರು ತಾವು ಮಾಡಿದ್ದನ್ನೋ, ಬಿಚ್ಚಿದ್ದನ್ನೋ, ಕೆಡಿಸಿಕೊಂಡದ್ದನ್ನೋ ತಂದು ತೋರಿಸಬೇಕು, ಅಷ್ಟೇ ನಿಯಮ. ಎಐ ಆಸಕ್ತರು ತಮ್ಮದೇ ಕಂಪ್ಯೂಟರಿನಲ್ಲಿ ಒಂದು ಸಣ್ಣ ಎಐ ಮಾಡೆಲ್ (ಎಐ ಪ್ರೋಗ್ರಾಂ) ಓಡಿಸಿ ಅದು ಎಲ್ಲಿ ಮುಗ್ಗರಿಸಿತು ಅಂತ ತೋರಿಸಿದರೆ ಬೋರ್ಡಿನವರೂ ಕಿವಿಗೊಡುತ್ತಾರೆ. ಬರೀ ಎಐ ಸುದ್ದಿ ಹೇಳಲು ಬಂದರೆ ಅರ್ಧ ಜನ ಫೋನ್ ನೋಡುತ್ತಾ ಕೂರುತ್ತಾರೆ.

ಕ್ಯಾಲಿಫೋರ್ನಿಯಾದ ಹೋಂಬ್ರೂ ಕಂಪ್ಯೂಟರ್ ಕ್ಲಬ್ ಸುಮಾರಾಗಿ ಹೀಗೇ ನಡೆಯಿತು. 1975ರ ಮಾರ್ಚ್ 5ರಂದು ಮೆನ್ಲೋ ಪಾರ್ಕಿನ ಒಂದು ಗ್ಯಾರೇಜಿನಲ್ಲಿ ಮೂವತ್ತು ಚಿಲ್ಲರೆ ಜನ ಸೇರಿದ್ದರು, ಆಗಷ್ಟೇ ಬಂದಿದ್ದ, ಮನೆಯಲ್ಲೇ ಜೋಡಿಸಿಕೊಳ್ಳುವ ಆಲ್ಟೇರ್ 8800 ಕಂಪ್ಯೂಟರ್ ಕಿಟ್ ಅವರಿಗೆಲ್ಲ ಒಂದು ನೆಪ. ಆಮೇಲೆ ಗುಂಪು ಬೆಳೆದಾಗ ಲೀ ಫೆಲ್ಸೆನ್‌ಸ್ಟೈನ್ ಎಂಬ ಎಂಜಿನಿಯರ್ ಪ್ರತಿ ಸಭೆಯನ್ನು ಎರಡು ಭಾಗವಾಗಿ ನಡೆಸುತ್ತಿದ್ದರು. ಮೊದಲು ಒಬ್ಬೊಬ್ಬರೇ ಎದ್ದು ನನ್ನ ಹತ್ತಿರ ಇದಿದೆ, ನನಗೆ ಇದು ಬೇಕು ಅಂತ ಚುಟುಕಾಗಿ ಹೇಳುವುದು. ಆಮೇಲೆ ಎಲ್ಲರೂ ಎದ್ದು ಯಾರ ಜೊತೆ ಮಾತಾಡಬೇಕೋ ಅವರನ್ನು ಹುಡುಕಿಕೊಂಡು ಹೋಗುವುದು. ಎಷ್ಟು ಸರಳ ನೋಡಿ! ಯಾರ ಆಸಕ್ತಿಯನ್ನೂ ಕತ್ತರಿಸಬೇಕಾಗಿಲ್ಲ, ಯಾರೂ ತಮಗೆ ಬೇಡದ ಮಾತನ್ನು ಎರಡು ಗಂಟೆ ಕೇಳಬೇಕಾಗಿಲ್ಲ. ಆಪಲ್ ಕಂಪನಿ ಕಟ್ಟಿದವರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್, ಮುಂದೆ ಅದರ ಮೊದಲ ಕಂಪ್ಯೂಟರ್ ಆಪಲ್-1 ಆದ ಬೋರ್ಡನ್ನು ತಂದು ತೋರಿಸಿದ್ದೂ ಅಲ್ಲೇ.

ಉಪಗುಂಪು ಮಾಡೋಣ ಅಂತಲೂ ಯಾರಾದರೂ ಹೇಳುತ್ತಾರೆ. 1977ರಲ್ಲಿ ಜೊನಾಥನ್ ರೋಟೆನ್‌ಬರ್ಗ್ ಎಂಬ 13 ವರ್ಷದ ಹುಡುಗ ಶುರು ಮಾಡಿದ ಬಾಸ್ಟನ್ ಕಂಪ್ಯೂಟರ್ ಸೊಸೈಟಿಯಲ್ಲಿ ಒಂದೊಂದು ಬಗೆಯ ಕಂಪ್ಯೂಟರಿಗೂ ಬೇರೆ ಗುಂಪಿತ್ತು. ಆದರೆ ಒಂದು ಕಾಲಕ್ಕೆ ಅದಕ್ಕೆ 30,000ಕ್ಕಿಂತ ಜಾಸ್ತಿ ಸದಸ್ಯರಿದ್ದರು! ನಿಮ್ಮ ಹನ್ನೆರಡು ಜನರನ್ನು ಮೂರು ಪಾಲು ಮಾಡಿದರೆ ತಲಾ ನಾಲ್ವರು. ಅದರಲ್ಲಿ ಇಬ್ಬರಿಗೆ ಜ್ವರ ಬಂದರೆ ಆ ತಿಂಗಳ ಕಥೆ ಮುಗಿಯಿತು. ಡ್ರೋನಿನವರಿಗೆ ಬಯಲು ಬೇಕು, ಹಾರಿಸುವ ನಿಯಮಗಳೂ ಬೇರೆ, ಅವರು ಮುಂದೆಂದಾದರೂ ತಾವಾಗಿಯೇ ಬೇರೆ ದಿನ ಸೇರತೊಡಗಿದರೆ ತಡೆಯಬೇಡಿ. ಅಲ್ಲಿವರೆಗೆ ಒಂದೇ ಗುಂಪು.

ಹೆಸರಲ್ಲಿ ‘ತಯಾರಕರು’ ಅಥವಾ ‘ಮಾಡಿ ನೋಡುವವರು’ ಅಂತೇನಾದರೂ ಇರಲಿ. ಪ್ರತಿ ತಿಂಗಳು ಒಂದೇ ಮುಖ್ಯ ವಿಷಯ, ಅದನ್ನು ಮೊದಲೇ ತಿಳಿಸಿಬಿಡಿ. ಫೋನಿನ ಪ್ರಶ್ನೆಗೆ ಕೊನೆಯ ಹದಿನೈದು ನಿಮಿಷ ಕೊಡಿ, ನಿಷೇಧಿಸಿದರೆ ಅದೇ ಜಾಸ್ತಿಯಾಗುತ್ತದೆ. ಕೋರ್ಸು, ಕ್ರಿಪ್ಟೊ ಮಾರಲು ಬರುವವರ ವಿಷಯದಲ್ಲಿ ಮಾತ್ರ ಮುಲಾಜು ಬೇಡ.

ಪ್ರಶ್ನೆ: ಏನೂ ಗೊತ್ತಿಲ್ಲದವರನ್ನೂ ಸೇರಿಸಿಕೊಳ್ಳಬಹುದಾ?

ಉತ್ತರ: ಖಂಡಿತ. ಆದರೆ ಅವರಿಗಾಗಿ ಪ್ರತಿ ಸಲ ಮೊದಲಿಂದ ಪಾಠ ಮಾಡಬೇಡಿ, ಹಳಬರು ಬರುವುದನ್ನೇ ಬಿಡುತ್ತಾರೆ. ಹೊಸಬರನ್ನು ಬೆಸುಗೆ ಹಾಕುತ್ತಿರುವ ಹಳಬರ ಪಕ್ಕ ಕೂರಿಸಿ, ತಂತಿ ಹಿಡಿದುಕೊಳ್ಳಲು ಹೇಳಿ.