ಚೈನಿಗೆ ಯಾವ ಎಣ್ಣೆ ಹಾಕೋದು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಂದು 200 ಸಿಸಿ ಬೈಕು, ಓ-ರಿಂಗ್ ಚೈನು. ಶೋರೂಮಲ್ಲಿ ಸ್ಪ್ರೇ ಲ್ಯೂಬೇ ಹಾಕಿ ಅಂತಾರೆ, ಊರಿನ ಮೆಕ್ಯಾನಿಕ್ಕು ಗೇರ್ ಆಯಿಲ್ ಸಾಕು ಅಂತಾರೆ. ನಮ್ ಕಡೆ ಮಳೆ ಹಿಡ್ಕೊಂಡ್ರೆ ಏನ್ ಹಾಕಿದ್ರೂ ತೊಳ್ಕೊಂಡೇ ಹೋಗುತ್ತೆ. ಯಾವುದು ಸರಿ? (ಸಾಗರ)

ಉತ್ತರ: ಇಬ್ಬರು ಹೇಳಿದ್ದೂ ತಪ್ಪಲ್ಲ, ಆದ್ರೆ ನಿಮ್ಮೂರಿನ ಮಳೆಗೆ ನಾನು ಮೆಕ್ಯಾನಿಕ್ ಪರ. ಓ-ರಿಂಗ್ ಚೈನಲ್ಲಿ ಕೊಂಡಿ ಜೋಡಿಸೋ ಪಿನ್ನಿಗೂ ಅದರ ಸುತ್ತ ಇರೋ ಕೊಳವೆ ಥರದ ಬುಷ್ಷಿಗೂ ಮಧ್ಯೆ ಬೇಕಾದ ಗ್ರೀಸನ್ನ ಫ್ಯಾಕ್ಟರೀಲೇ ತುಂಬಿ ರಬ್ಬರ್ ರಿಂಗ್ ಕೂರಿಸಿ ಸೀಲ್ ಮಾಡಿರ್ತಾರೆ, ಹೊರಗಿಂದ ನೀವು ಎಷ್ಟು ದುಬಾರಿ ಲ್ಯೂಬ್ ಹಾಕಿದ್ರೂ ಅಲ್ಲಿಗೆ ಹೋಗಲ್ಲ. ನಿಮ್ಮ ಎಣ್ಣೆ ಬೇಕಾಗಿರೋದು ಆ ರಿಂಗುಗಳು ಒಣಗಿ ಬಿರುಕು ಬಿಡದೆ ಇರೋಕೆ, ರೋಲರ್ರು ಸ್ಪ್ರಾಕೆಟ್ಟಿನ (ಚೈನ್ ಸುತ್ತೋ ಹಲ್ಲಿನ ಚಕ್ರ) ಹಲ್ಲಿನ ಮೇಲೆ ಸಲೀಸಾಗಿ ಕೂರೋಕೆ, ಮತ್ತೆ ಪ್ಲೇಟಿಗೆ ತುಕ್ಕು ಹಿಡೀದೆ ಇರೋಕೆ. ಇಷ್ಟಕ್ಕೆ ಎಸ್‌ಎಇ 90 (ಎಣ್ಣೆ ಎಷ್ಟು ಮಂದ ಅಂತ ಹೇಳೋ ನಂಬರು) ಗೇರ್ ಆಯಿಲ್ ಧಾರಾಳವಾಗಿ ಸಾಕು, ಎಷ್ಟೋ ಬೈಕುಗಳ ಮ್ಯಾನುಯಲ್ಲಲ್ಲೇ ಇದನ್ನ ಬರೆದಿರ್ತಾರೆ, ಒಂದ್ಸಲ ತೆಗೆದು ನೋಡಿ.

ಸ್ಪ್ರೇ ಅಂಟು ಜಾಸ್ತಿ, ಮಳೇಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೆ, ನಿಜ. ಆದ್ರೆ ಮಲೆನಾಡಿನ ಜುಲೈ ಮಳೇಲಿ ಯಾವುದೂ ವಾರಗಟ್ಟಲೆ ನಿಲ್ಲಲ್ಲ. ಅಗ್ಗದ ಎಣ್ಣೆ ಆದ್ರೆ ಎರಡು ದಿನಕ್ಕೊಂದ್ಸಲ ಹಾಕೋಕೂ ಕೈ ಬರುತ್ತೆ, ದುಬಾರಿ ಡಬ್ಬಿ ಆದ್ರೆ "ಇರ್ಲಿ ಮುಂದಿನ ವಾರ ಹಾಕಣ" ಅಂತ ಉಳಿಸ್ಕೋತೀವಿ, ಚೈನ್ ಹಾಳಾಗೋದು ಆ ಒಂದು ವಾರದಲ್ಲೇ. ನೆನೆದ ಚೈನು ರಾತ್ರಿ ಹಾಗೇ ನಿಂತ್ರೆ ಬೆಳಗ್ಗೆಗೆ ಕಿತ್ತಳೆ ಬಣ್ಣ ಬಂದಿರುತ್ತೆ, ನೀವೇ ನೋಡಿರ್ತೀರ.

ನಾನು ಮಾಡೋದು ಹೀಗೆ. ಸಂಜೆ ಮನೆಗೆ ಬಂದ ತಕ್ಷಣ, ಚೈನ್ ಇನ್ನೂ ಬೆಚ್ಚಗಿರುವಾಗ್ಲೇ, ಇಂಜಿನ್ ಆಫ್ ಮಾಡಿ ಬೈಕನ್ನ ಸ್ಟ್ಯಾಂಡಿಗೆ ಎತ್ತಿ ಒಣ ಬಟ್ಟೇಲಿ ಚೈನ್ ಒರೆಸ್ತೀನಿ. ಮೆಡಿಕಲ್ ಶಾಪಲ್ಲಿ ಸಿಗೋ 10 ಎಂಎಲ್ ಸಿರಿಂಜಿಗೆ ಸೂಜಿ ಇಲ್ದೆ ಎಣ್ಣೆ ಎಳ್ಕೊಂಡು, ಹಿಂದಿನ ಚಕ್ರನ ಕೈಯಲ್ಲೇ ನಿಧಾನಕ್ಕೆ ತಿರುಗಿಸ್ತಾ, ಕೆಳಗಿನ ಎಳೆಯ ಒಳಮಗ್ಗುಲಿಗೆ, ಒಳಪ್ಲೇಟು ಹೊರಪ್ಲೇಟು ಸೇರೋ ಸಂದಿಗೆ ಒಂದೊಂದೇ ಹನಿ ಬಿಡ್ತೀನಿ, ಮೊದಲು ಎಡ ಸಾಲು, ಆಮೇಲೆ ಬಲ ಸಾಲು. ಒಳಗಡೆಯಿಂದ ಯಾಕೆ ಅಂದ್ರೆ ಚೈನ್ ಓಡುವಾಗ ಎಣ್ಣೆ ಹೊರಕ್ಕೆ ಎಸೀತದೆ, ಒಳಗೆ ಹಾಕಿದ್ದು ಪೂರ್ತಿ ದಾಟ್ಕೊಂಡು ಹೊರಗೆ ಬರ್ಬೇಕು, ಹೊರಗೇ ಹಾಕಿದ್ರೆ ನೇರ ರಿಮ್ಮಿಗೆ ಹೋಗುತ್ತೆ. ರಾತ್ರಿ ಪೂರ್ತಿ ಬಿಟ್ಟು ಬೆಳಗ್ಗೆ ಮೇಲಿರೋ ಹೆಚ್ಚಿನ ಎಣ್ಣೆ ಒರೆಸಿ ಬಿಡಿ. ಹೊರಗೆ ಕಾಣೋ ಎಣ್ಣೆ ಕೆಲ್ಸಕ್ಕೆ ಬರಲ್ಲ, ಧೂಳು ಹಿಡಿಯುತ್ತೆ, ಟೈರಿಗೆ ಹಾರಿದ್ರೆ ತಿರುವಲ್ಲಿ ಜಾರುತ್ತೆ.

ಪ್ರಶ್ನೆ: ಸಂಡೂರು ಕಡೆ ಅದಿರು ಲಾರಿ ಓಡಾಡೋ ರೋಡಲ್ಲಿ ದಿನಾ ಓಡಾಟ. ಲ್ಯೂಬ್ ಹಾಕಿದ ಎರಡೇ ದಿನಕ್ಕೆ ಚೈನ್ ಮೇಲೆ ಕೆಂಪು ಕೆಸರು ಕಟ್ಟಿರುತ್ತೆ. (ಬಳ್ಳಾರಿ)

ಉತ್ತರ: ಅದು ಕೆಸರಲ್ಲ, ಸಾಣೆ ಹಿಡಿಯೋ ಪೇಸ್ಟು. ಅಂಟಂಟು ಲ್ಯೂಬಿಗೆ ಅದಿರಿನ ಧೂಳು ಸೇರಿದ್ರೆ ಸ್ಪ್ರಾಕೆಟ್ಟಿನ ಹಲ್ಲನ್ನ ಉಜ್ಜಿ ಸವೆಸಿ ಹಾಕ್ತದೆ. ನಿಮಗೆ ಮೇಣದ ಬೇಸಿನ ಲ್ಯೂಬು ಒಳ್ಳೇದು, ಹಾಕಿದ್ಮೇಲೆ ಒಣಗಿ ತೆಳು ಪದರ ಆಗಿ ನಿಲ್ಲುತ್ತೆ, ಧೂಳು ಕಮ್ಮಿ ಹಿಡಿಯುತ್ತೆ. ಮಳೇಲಿ ಬೇಗ ಬಿಟ್ಟೋಗುತ್ತೆ, ಆದ್ರೆ ನಿಮ್ ಕಡೆ ಅದು ದೊಡ್ಡ ಚಿಂತೆ ಅಲ್ಲ. ಹಳೇ ಕೊಳೆ ಮೇಲೆ ಹೊಸ ಲ್ಯೂಬ್ ಮಾತ್ರ ಹಾಕ್ಬೇಡಿ. ಮೆತ್ತಗಿನ ಬ್ರಷ್ಷು, ಸೀಮೆಎಣ್ಣೆ ಸಾಕು, ಸೀಮೆಎಣ್ಣೆ ಸಿಗದಿದ್ರೆ ಓ-ರಿಂಗಿಗೆ ಸೇಫ್ ಅಂತ ಬರೆದಿರೋ ಕ್ಲೀನರ್ ತಗೊಳಿ. ಪೆಟ್ರೋಲ್ ಬೇಡ, ರಬ್ಬರ್ ರಿಂಗ್ ಹಾಳಾಗುತ್ತೆ, ಬೆಂಕಿ ಭಯ ಬೇರೆ. ತಂತಿ ಬ್ರಷ್ಷೂ ಬೇಡ.

ಪ್ರಶ್ನೆ: ಅಪ್ಪನ ಸ್ಪ್ಲೆಂಡರಿಗೆ ಯಾವಾಗ್ಲೂ ಕೊಬ್ಬರಿ ಎಣ್ಣೆನೇ ಬಿಡೋದು, ಕೆಲವೊಮ್ಮೆ ಗ್ಯಾರೇಜಿನವರು ಹಳೇ ಇಂಜಿನ್ ಆಯಿಲ್ ಬಳೀತಾರೆ. ನಡೆಯುತ್ತಾ? (ಅರಸೀಕೆರೆ)

ಉತ್ತರ: ಎರಡೂ ಬೇಡ. ಎತ್ತಿನ ಗಾಡಿ ಕಾಲದಲ್ಲಿ ಅಚ್ಚಿಗೆ ಕೀಲೆಣ್ಣೆ ಹಾಕ್ತಿದ್ರಲ್ಲ, ಆ ರೂಢಿ ನಮ್ಮ ಹಿರಿಯರ ಕೈಯಲ್ಲಿ ಉಳಿದಿದೆ, ಅದನ್ನ ನಾನು ಹಗುರವಾಗಿ ನೋಡಲ್ಲ. ಆದ್ರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿ ಆಗುತ್ತೆ, ಚಳಿಗಾಲದ ಬೆಳಗ್ಗೆ ಬಾಟ್ಲಲ್ಲಿ ಬೆಳ್ಳಗೆ ಹೆಪ್ಪುಗಟ್ಟಿರುತ್ತಲ್ಲ, ಚೈನಲ್ಲೂ ಅದೇ ಕಥೆ. ಹಳೇ ಇಂಜಿನ್ ಆಯಿಲಲ್ಲಿ ಮಸಿ, ಲೋಹದ ಪುಡಿ ಇರುತ್ತೆ, ಅದನ್ನ ತಿರುಗಾ ಚೈನಿಗೆ ಯಾಕೆ ತಿನ್ನಿಸೋದು?

ಸ್ಪ್ಲೆಂಡರಿನದು ಸೀಲ್ ಇಲ್ದಿರೋ ಮಾಮೂಲಿ ಚೈನು, ಹಾಗಾಗಿ ಇಲ್ಲಿ ಎಣ್ಣೆ ಪಿನ್ನಿನ ಒಳಗೇ ಇಳೀಬೇಕು. ಗಟ್ಟಿ ಗ್ರೀಸ್ ಮೆತ್ತಿದ್ರೆ ಹೊರಗೇ ಕೂತಿರುತ್ತೆ, ಒಳಗೆ ಪಿನ್ನು ಒಣಗೇ ಇರುತ್ತೆ. ಇದಕ್ಕೂ ಗೇರ್ ಆಯಿಲ್ಲೇ. ಪೂರ್ತಿ ಕವರ್ ಇರೋದ್ರಿಂದ ಮಳೆ ಧೂಳು ಅಷ್ಟು ತಾಗಲ್ಲ, ಆದ್ರೆ ಕಣ್ಣಿಗೆ ಕಾಣಲ್ಲ ಅಂತ ಮರೆತೂ ಹೋಗುತ್ತೆ. ಸರ್ವೀಸಿಗೆ ಬಿಟ್ಟಾಗ ಚೈನ್ ಕೇಸ್ ಬಿಚ್ಚಿಸಿ ಎದುರಿಗೇ ನಿಂತು ನೋಡಿ. ಪ್ಲೇಟುಗಳ ಸಂದಿಂದ ಕುಂಕುಮದ ಥರ ಕೆಂಪು ಪುಡಿ ಬರ್ತಿದ್ರೆ ಒಳಗೆ ಪಿನ್ನು ಎಣ್ಣೆ ಇಲ್ದೆ ಸವೀತಾ ಇದೆ ಅಂತ ಅರ್ಥ. ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿ ಚೈನನ್ನ ಬೆರಳಲ್ಲಿ ಹಿಡಿದು ಎಳೀರಿ, ಅರ್ಧ ಹಲ್ಲಿಗಿಂತ ಜಾಸ್ತಿ ಆಚೆ ಕಂಡ್ರೆ ಇನ್ನು ಎಣ್ಣೆಯಿಂದ ಉಪಯೋಗ ಇಲ್ಲ, ಎರಡೂ ಸ್ಪ್ರಾಕೆಟ್ಟಿನ ಜೊತೆ ಸೆಟ್ಟನ್ನೇ ಬದಲಾಯಿಸಿ.

ಪ್ರಶ್ನೆ: ಡಬ್ಲ್ಯೂಡಿ-40 ಸ್ಪ್ರೇ ಹಾಕಿದ್ರೆ ಸಾಕಲ್ವಾ? (ಬೆಂಗಳೂರು)

ಉತ್ತರ: ಸಾಕಾಗಲ್ಲ. 1953ರಲ್ಲಿ ಅದನ್ನ ಮಾಡಿದ್ದೇ ಲೋಹದ ಮೇಲಿಂದ ನೀರು ಓಡಿಸೋಕೆ. ಮಾಮೂಲಿ ನೀಲಿ ಡಬ್ಬಿಯದು ಕೊಳೆ ಬಿಡಿಸೋಕೆ, ನೀರು ತೆಗೆಯೋಕೆ ಚೆನ್ನಾಗಿದೆ, ಆದ್ರೆ ತುಂಬ ತೆಳು, ಚೈನಿನ ಒತ್ತಡಕ್ಕೆ ನಿಲ್ಲಲ್ಲ. ಅದ್ರಲ್ಲಿ ಒರೆಸಿದ್ಮೇಲೆ ಲ್ಯೂಬ್ ಹಾಕ್ಲೇಬೇಕು.

ಪ್ರಶ್ನೆ: ಇಂಜಿನ್ ಆನ್ ಮಾಡಿ ಫಸ್ಟ್ ಗೇರಲ್ಲಿಟ್ಟು ಬಟ್ಟೆ ಹಿಡಿದ್ರೆ ಚೈನ್ ಬೇಗ ಕ್ಲೀನ್ ಆಗುತ್ತೆ ಅಂತ ಫ್ರೆಂಡ್ ಹೇಳ್ದ. (ಮಂಡ್ಯ)

ಉತ್ತರ: ದಯವಿಟ್ಟು ಮಾಡ್ಬೇಡಿ. ನನ್ನ ಚಿಕ್ಕಪ್ಪನ ಮಗ ಹೀಗೇ ಮಾಡ್ತಿದ್ದ. ಬಟ್ಟೆಯ ಒಂದು ದಾರ ಚೈನಿಗೆ ಸಿಕ್ಕಿ, ಕೈ ಬಿಡೋಷ್ಟ್ರಲ್ಲಿ ಬಟ್ಟೆ ಸಮೇತ ಬೆರಳು ಸ್ಪ್ರಾಕೆಟ್ಟಿಗೆ ಹೋಯ್ತು, ತೋರುಬೆರಳಿನ ತುದಿ ಉಳೀಲಿಲ್ಲ. ಐಡಲ್ಲಲ್ಲೇ ಇತ್ತು ಗಾಡಿ. ಕೀ ತೆಗೆದು ಜೇಬಿಗೆ ಹಾಕ್ಕೊಂಡು, ನ್ಯೂಟ್ರಲ್ಲಲ್ಲಿ ಚಕ್ರನ ಕೈಯಲ್ಲೇ ತಿರುಗಿಸಿ, ಆಗಲೂ ಬಟ್ಟೆ ಹಿಡಿಯೋದು ಸ್ಪ್ರಾಕೆಟ್ಟಿಂದ ದೂರ, ಕೆಳಗಿನ ಎಳೆಯ ಮಧ್ಯದಲ್ಲಿ.