ಕಲ್ಲಿನಂಥ ಗಿಡಗಳು, ಅವುಗಳ ನಿದ್ದೆಯ ಕಾಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಸಕ್ಯುಲೆಂಟ್ ಎಂದೇ ಬಳಕೆಯಲ್ಲಿರುವ ರಸಭರಿತ ಸಸ್ಯಗಳ ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ‘ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು’ ಎಂಬುದರ ಸುತ್ತಲೇ ಇವೆ. ದಿನಗಳ ಲೆಕ್ಕದಲ್ಲಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಯಾವ ಗಿಡ ಯಾವ ಋತುವಿನಲ್ಲಿ ಬೆಳೆಯುತ್ತದೆ, ಯಾವಾಗ ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತದೆ ಎಂಬುದು ತಿಳಿದರೆ ನೀರಿನ ಪ್ರಶ್ನೆ ಬಹುಪಾಲು ತಾನಾಗಿಯೇ ಬಗೆಹರಿಯುತ್ತದೆ.

ಪ್ರಶ್ನೆ: ಕಲ್ಲಿನಂತೆ ಕಾಣುವ ಲಿಥಾಪ್ಸ್ ಗಿಡವೊಂದನ್ನು ಬೆಳೆಸುತ್ತಿದ್ದೇನೆ. ಚಳಿಗಾಲ ಮುಗಿಯುವ ಹೊತ್ತಿಗೆ ನಡುವಿನ ಸೀಳಿನಲ್ಲಿ ಹೊಸ ಎಲೆಗಳು ಕಾಣಿಸಿಕೊಂಡು, ಹಳೆಯ ಎಲೆಗಳು ಸುಕ್ಕುಗಟ್ಟತೊಡಗಿದವು. ಗಿಡ ಬಾಡುತ್ತಿದೆಯೆಂದು ವಾರಕ್ಕೊಮ್ಮೆ ನೀರು ಕೊಟ್ಟೆ. ಈಗ ಹಳೆಯ ಜೋಡಿಯ ಮೇಲೆ ಹೊಸ ಜೋಡಿ ನಿಂತುಬಿಟ್ಟಿದೆ, ಒಂದು ಎಲೆಯ ಬದಿ ಸೀಳಿದೆ. ಏನು ಮಾಡಬೇಕು?

ಉತ್ತರ: ನೀರು ಹಾಕುವುದನ್ನು ಇಂದೇ ಪೂರ್ತಿಯಾಗಿ ನಿಲ್ಲಿಸಿರಿ. ನಿಮ್ಮ ಗಿಡ ಬಾಡುತ್ತಿರಲಿಲ್ಲ, ಎಲೆ ಬದಲಿಸುತ್ತಿತ್ತು.

ಲಿಥಾಪ್ಸ್‌ನ ಒಂದು ತಲೆಗೆ ಒಂದೇ ಜೋಡಿ ಎಲೆ. ಶರತ್ಕಾಲದಲ್ಲಿ ಎರಡು ಎಲೆಗಳ ನಡುವಿನಿಂದ ಹಳದಿ ಅಥವಾ ಬಿಳಿ ಹೂವು ಅರಳಿ ಮುಗಿದ ಮೇಲೆ, ಒಳಗಡೆ ಕಣ್ಣಿಗೆ ಕಾಣದಂತೆ ಮುಂದಿನ ವರ್ಷದ ಜೋಡಿ ರೂಪುಗೊಳ್ಳುತ್ತದೆ. ಈ ಹೊಸ ಜೋಡಿ ತನಗೆ ಬೇಕಾದ ನೀರನ್ನೂ ಪೋಷಕಾಂಶವನ್ನೂ ಹಳೆಯ ಎಲೆಗಳಿಂದಲೇ ಹೀರಿಕೊಳ್ಳುತ್ತದೆ. ಮೊದಲು ಹಳೆಯ ಎಲೆಗಳ ಬದಿ ಮೆತ್ತಗಾಗಿ ಅಡ್ಡ ಸುಕ್ಕುಗಳು ಬೀಳುತ್ತವೆ, ಸೀಳು ಅಗಲವಾಗುತ್ತದೆ, ಅದರೊಳಗೆ ಇನ್ನೂ ಮಚ್ಚೆಗಳು ಹೊಳೆಯುವಷ್ಟು ಹೊಸದಾದ ಎಲೆಯ ನೆತ್ತಿ ಕಾಣುತ್ತದೆ. ಹೊಸ ಜೋಡಿಯ ಸೀಳು ಹಳೆಯದಕ್ಕೆ ಅಡ್ಡಲಾಗಿ ಇರುವುದನ್ನು ನೀವು ಗಮನಿಸಿರಬಹುದು. ಕೊನೆಗೆ ಹಳೆಯ ಎಲೆಗಳು ಕಂದು ಬಣ್ಣದ ತೆಳುವಾದ ಸಿಪ್ಪೆಯಾಗಿ ಬುಡಕ್ಕೆ ಅಂಟಿಕೊಳ್ಳುತ್ತವೆ. ಈ ಅವಧಿಯಲ್ಲಿ ಬೇರಿಗೆ ನೀರು ಸಿಕ್ಕರೆ ಹಳೆಯ ಎಲೆಗಳನ್ನು ಕರಗಿಸಿಕೊಳ್ಳುವ ಅಗತ್ಯವೇ ಗಿಡಕ್ಕೆ ಬೀಳುವುದಿಲ್ಲ. ಎರಡೂ ಜೋಡಿಗಳು ಉಬ್ಬಿಕೊಂಡು ಒಂದನ್ನೊಂದು ಒತ್ತುತ್ತವೆ, ಹಿಗ್ಗಲು ಜಾಗವಿಲ್ಲದ ಕಡೆ ಚರ್ಮ ಸೀಳುತ್ತದೆ. ಸೀಳಿದ ಜಾಗ ಒಣಗಿದ್ದರೆ ಅಪಾಯವಿಲ್ಲ, ಎಲೆಯ ಜೊತೆಗೆ ಕಲೆಯೂ ಮುಂದಿನ ಸಲ ಹೋಗುತ್ತದೆ. ಹಳೆಯ ಎಲೆಗಳನ್ನು ಕೈಯಿಂದ ಕೀಳಬೇಡಿರಿ. ಅವು ಕಾಗದದಷ್ಟು ತೆಳುವಾಗಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಕಾಯುವುದೇ ಚಿಕಿತ್ಸೆ.

ಆ ಬಳಿಕ ನೀರು ಕೊಡಬಹುದು, ಆದರೆ ಎಲೆಯ ಬದಿಗಳನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಇನ್ನೂ ಕೆಲವು ದಿನ ಬಿಡಿರಿ. ಬದಿಯಲ್ಲಿ ಸಣ್ಣ ಸುಕ್ಕು ಬಿದ್ದ ಮೇಲೆ ಕುಂಡದ ತಳದ ರಂಧ್ರದಿಂದ ಹರಿದುಹೋಗುವಷ್ಟು ಒಮ್ಮೆಗೇ ಕೊಟ್ಟು, ಮಣ್ಣು ಪೂರ್ತಿ ಒಣಗಲು ಬಿಡುವುದು ಸರಿಯಾದ ಕ್ರಮ. ಕಡು ಬೇಸಿಗೆಯಲ್ಲಿ ಗಿಡ ಮತ್ತೊಮ್ಮೆ ಸುಮ್ಮನಾಗುವುದರಿಂದ ಆಗಲೂ ಕೈ ಬಿಗಿಹಿಡಿಯಬೇಕು. ಲಿಥಾಪ್ಸ್‌ಗೆ ತಾಯಿಬೇರು ಉದ್ದವಾದ್ದರಿಂದ ಚಪ್ಪಟೆ ತಟ್ಟೆಗಿಂತ ಎಂಟರಿಂದ ಹತ್ತು ಸೆಂಟಿಮೀಟರ್ ಆಳದ ಕುಂಡ ಒಳ್ಳೆಯದು. ಮಣ್ಣಿನಲ್ಲಿ ಮುಕ್ಕಾಲು ಭಾಗ ದಪ್ಪ ಮರಳು, ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು) ಅಥವಾ ಸಣ್ಣ ಜಲ್ಲಿಯಂಥ ಖನಿಜವೇ ಇರಲಿ. ಅಂಗಡಿಗಳಲ್ಲಿ ಈ ಗಿಡಗಳನ್ನು ಸಾಮಾನ್ಯವಾಗಿ ಬರಿಯ ಕೋಕೋಪೀಟ್‌ನಲ್ಲಿ ನೆಟ್ಟು ಮಾರುತ್ತಾರೆ. ಸಾಗಣೆಗೆ ಅದು ಅನುಕೂಲವೇ ಹೊರತು ಗಿಡಕ್ಕೆ ಅಲ್ಲ.

1811ರಲ್ಲಿ ದಕ್ಷಿಣ ಆಫ್ರಿಕಾದ ಪ್ರೀಸ್ಕಾ ಬಳಿ ವಿಲಿಯಂ ಬರ್ಚೆಲ್ ಎಂಬ ಪರಿಶೋಧಕ ನೆಲದಿಂದ ಒಂದು ವಿಚಿತ್ರ ಆಕಾರದ ಕಲ್ಲನ್ನು ಎತ್ತಿಕೊಂಡು ನೋಡಿದಾಗ ಅದು ಗಿಡವೆಂದು ತಿಳಿಯಿತು. ಲಿಥಾಪ್ಸ್ ಬಗ್ಗೆ ನಮಗೆ ದೊರೆಯುವ ಮೊದಲ ವಿವರಣೆ ಅದೇ. ಅಂಥ ನೆಲದಲ್ಲಿ, ಮಳೆಯನ್ನು ನಂಬಿಕೊಳ್ಳಲಾಗದ ಕಡೆ ಬದುಕಲು ಕಲಿತ ಗಿಡಕ್ಕೆ ವಾರಕ್ಕೊಮ್ಮೆ ನೀರೆನ್ನುವುದು ಉಪಚಾರವಲ್ಲ.

ಪ್ರಶ್ನೆ: ನನ್ನ ಕೋನೋಫೈಟಮ್ ಗಿಡಗಳು ಬೇಸಿಗೆ ಬಂದೊಡನೆ ಕಂದು ಬಣ್ಣದ ಒಣ ಸಿಪ್ಪೆಗಳಾಗಿವೆ. ಸತ್ತಿವೆಯೆಂದು ಎಸೆಯಬಹುದೇ?

ಉತ್ತರ: ಖಂಡಿತ ಎಸೆಯಬೇಡಿರಿ. ಸಿಪ್ಪೆಯನ್ನು ಮೆಲ್ಲಗೆ ಒತ್ತಿದಾಗ ಒಳಗೆ ಗಟ್ಟಿಯಾದ ಗುಂಡಿ ಸಿಕ್ಕಿದರೆ ಗಿಡ ಜೀವಂತವಾಗಿದೆ. ಕೋನೋಫೈಟಮ್‌ಗಳ ತವರು ದಕ್ಷಿಣ ಆಫ್ರಿಕಾದ ಪಶ್ಚಿಮ ಭಾಗ ಮತ್ತು ಅದಕ್ಕೆ ಹೊಂದಿಕೊಂಡ ನಮೀಬಿಯಾ. ಅಲ್ಲಿ ಮಳೆ ಬೀಳುವುದು ಹೆಚ್ಚಾಗಿ ಚಳಿಗಾಲದಲ್ಲಿ, ಆದ್ದರಿಂದ ಅವು ಬೆಳೆಯುವುದೂ ಚಳಿಗಾಲದಲ್ಲೇ. ಆ ಒಣ ಸಿಪ್ಪೆ ಬೇಸಿಗೆಯ ಬಿಸಿಲಿಗೆ ಹಿಡಿದ ಮರೆ. ಗಾಳಿಯಾಡುವ ನೆರಳಿನಲ್ಲಿಟ್ಟು, ಗಿಡ ತೀರ ಕುಗ್ಗಿದಂತೆ ಕಂಡಾಗ ಮಾತ್ರ ಸಂಜೆಯ ಹೊತ್ತು ಮಣ್ಣಿನ ಮೇಲ್ಭಾಗ ತೇವವಾಗುವಷ್ಟು ನೀರು ಚಿಮುಕಿಸಿರಿ. ರಾತ್ರಿಗಳು ತಂಪಾಗತೊಡಗಿದ ಮೇಲೆ ಸರಿಯಾಗಿ ನೀರುಣಿಸಿದರೆ ಸಿಪ್ಪೆ ಒಡೆದು ಹಸಿರು ತಲೆ ಹೊರಬರುತ್ತದೆ, ಎಷ್ಟೋ ಸಲ ಒಂದು ತಲೆಯಿದ್ದಲ್ಲಿ ಎರಡು.

ಸಂಗ್ರಹ ಬೆಳೆದಂತೆ ತೊಂದರೆ ಶುರುವಾಗುವುದು ಇಲ್ಲೇ. ಟೈಲೆಕೋಡಾನ್, ಒಥೋನ್ನಾಗಳೂ ಹೀಗೆಯೇ ಚಳಿಗಾಲದ ಗಿಡಗಳು. ಅಡೇನಿಯಮ್, ಪ್ಯಾಕಿಪೋಡಿಯಮ್‌ಗಳಾದರೋ ಬಿಸಿಲಿನಲ್ಲಿ ಚಿಗುರಿ ಚಳಿಗೆ ಎಲೆ ಉದುರಿಸುವಂಥವು. ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಒಂದೇ ಕೈಯಲ್ಲಿ ನೀರು ಹನಿಸಿದರೆ ವರ್ಷದ ಯಾವುದಾದರೂ ಒಂದು ಭಾಗದಲ್ಲಿ ಅರ್ಧದಷ್ಟು ಗಿಡಗಳು ಕೊಳೆಯುತ್ತವೆ. ಕುಟುಂಬ, ಬಣ್ಣ, ಆಕಾರ ನೋಡಿ ಗಿಡ ಜೋಡಿಸುವುದಕ್ಕಿಂತ ಅವು ನಿದ್ದೆ ಹೋಗುವ ಕಾಲಕ್ಕೆ ತಕ್ಕಂತೆ ತಟ್ಟೆಗಳನ್ನು ಬೇರ್ಪಡಿಸುವುದು ಮೇಲು.

ಪ್ರಶ್ನೆ: ರಸಭರಿತ ಸಸ್ಯಗಳು ರಾತ್ರಿ ಹೊತ್ತು ಆಮ್ಲಜನಕ ಬಿಡುತ್ತವೆ, ಆದ್ದರಿಂದ ಮಲಗುವ ಕೋಣೆಯಲ್ಲಿಡಬೇಕು ಎನ್ನುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ಆಮ್ಲಜನಕ ಬಿಡುಗಡೆಯಾಗಲು ಬೆಳಕು ಬೇಕು. ಬಹುತೇಕ ರಸಭರಿತ ಸಸ್ಯಗಳು ಹಗಲಿನ ಬಿಸಿಗೆ ಎಲೆಯ ಪತ್ರರಂಧ್ರಗಳನ್ನು ಮುಚ್ಚಿಕೊಂಡಿದ್ದು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ಅದನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡು, ಮರುದಿನ ಬಾಗಿಲು ಮುಚ್ಚಿಯೇ ಆಹಾರ ತಯಾರಿಸುತ್ತವೆ. ದಕ್ಷಿಣ ಭಾರತದಲ್ಲಿ ಕೆಲಸ ಮಾಡಿದ ಸಸ್ಯವಿಜ್ಞಾನಿ ಬೆಂಜಮಿನ್ ಹೇನ್ ಇದರ ಸುಳಿವನ್ನು ನಾಲಗೆಯಿಂದಲೇ ಹಿಡಿದಿದ್ದ. ಕಾಡುಬಸಳೆಯ ಎಲೆ ಬೆಳಗಿನ ಜಾವ ಹುಳಿಯಾಗಿದ್ದು, ಹೊತ್ತೇರಿದಂತೆ ಹುಳಿ ಕಳೆದುಕೊಳ್ಳುತ್ತದೆ ಎಂದು ಆತ ಬರೆದ ಪತ್ರ 1815ರಲ್ಲಿ ಪ್ರಕಟವಾಯಿತು. ಕೋಣೆಯ ಗಾಳಿಯ ಮೇಲೆ ನಾಲ್ಕು ಕುಂಡಗಳ ಪರಿಣಾಮ ಲೆಕ್ಕಕ್ಕೆ ಬರುವಂಥದ್ದಲ್ಲ, ಮಲಗುವ ಕೋಣೆಯಲ್ಲಿ ಗಿಡಕ್ಕೆ ಸಾಕಷ್ಟು ಬೆಳಕು ಸಿಗುವುದೂ ಅಪರೂಪ.

ಈ ವಿಷಯದಲ್ಲಿ ಬೆಳೆಸುವವರಿಗೆ ಉಪಯೋಗಕ್ಕೆ ಬರುವ ಮಾತು ಬೇರೆಯದೇ ಇದೆ. ಪತ್ರರಂಧ್ರಗಳು ತೆರೆಯುವುದು ರಾತ್ರಿಯಾದ್ದರಿಂದ, ರಾತ್ರಿಯ ಸೆಕೆ ಇಳಿಯದ ದಿನಗಳಲ್ಲಿ ಅನೇಕ ಗಿಡಗಳ ಬೆಳವಣಿಗೆ ಕುಂಠಿತವಾಗುತ್ತದೆ. ಎಚೆವೇರಿಯಾ, ಹವೋರ್ಥಿಯಾಗಳು ಬಿರುಬೇಸಿಗೆಯಲ್ಲಿ ಮಂಕಾಗುವುದನ್ನು ನೀರಿನ ಕೊರತೆಯೆಂದು ತಿಳಿದು ನೀರು ಹೆಚ್ಚಿಸುವುದು ಬೇರು ಕೊಳೆಗೆ ನೇರ ದಾರಿ.

ಪ್ರಶ್ನೆ: ಎಲೆಗಳ ಮೇಲೆ ಬಿಳಿ ಪುಡಿಯಿದೆ. ಹಿಟ್ಟುತಿಗಣೆಯೇ? ಒರೆಸಬಹುದೇ?

ಉತ್ತರ: ಎಲೆಯ ಮೇಲೆಲ್ಲ ಸಮನಾಗಿ ಹರಡಿದ್ದರೆ ಅದು ಗಿಡ ತಾನೇ ಸ್ರವಿಸಿಕೊಂಡ ಮೇಣದ ಲೇಪ. ಬಿಸಿಲು, ನೀರುಗಳಿಂದ ಎಲೆಯನ್ನು ಕಾಯುವ ಈ ಲೇಪವನ್ನು ಒರೆಸಿದರೆ ಬೆರಳಿನ ಗುರುತು ಆ ಎಲೆ ಉದುರುವವರೆಗೂ ಉಳಿಯುತ್ತದೆ. ಹತ್ತಿಯಂಥ ಬಿಳಿ ಮುದ್ದೆಗಳು ಎಲೆಯ ಸಂದುಗಳಲ್ಲಿ ಮಾತ್ರ ಕಂಡರೆ ಅದು ಹಿಟ್ಟುತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಸಣ್ಣ ಕುಂಚದಿಂದ ಒಂದೊಂದನ್ನೂ ಮುಟ್ಟಿ ತೆಗೆಯಿರಿ. ಕಾರಣವಿಲ್ಲದೆ ಸೊರಗುವ ಗಿಡವನ್ನು ಒಮ್ಮೆ ಕುಂಡದಿಂದ ಹೊರತೆಗೆದು ನೋಡುವುದು ಒಳ್ಳೆಯದು. ಬೇರುಗಳ ಮೇಲೆ ಮತ್ತು ಕುಂಡದ ಒಳಗೋಡೆಗೆ ನೀಲಿಛಾಯೆಯ ಬಿಳಿ ಬೂದಿ ಮೆತ್ತಿಕೊಂಡಿದ್ದರೆ ಬೇರಿನ ತಿಗಣೆ ಸೇರಿದೆ. ಹಳೆಯ ಮಣ್ಣನ್ನೆಲ್ಲ ತೊಳೆದು, ಬೇರು ಒಣಗಿಸಿ, ಹೊಸ ಮಣ್ಣಿನಲ್ಲಿ ನೆಡಬೇಕಾಗುತ್ತದೆ.

ಪ್ರಶ್ನೆ: ಕೆಂಪು ಗುಂಡು ತಲೆಯ ಕಳ್ಳಿ ಚೆನ್ನಾಗಿಯೇ ಇದೆ, ಆದರೆ ಕೆಳಗಿನ ಹಸಿರು ಕಾಂಡ ಮೆತ್ತಗಾಗಿದೆ. ತಲೆಯನ್ನು ಕತ್ತರಿಸಿ ಬೇರು ಬರಿಸಬಹುದೇ?

ಉತ್ತರ: ಬೇರು ಬರಿಸಿ ಪ್ರಯೋಜನವಿಲ್ಲ. ಕೆಂಪು ತಲೆ ಜಿಮ್ನೋಕ್ಯಾಲಿಸಿಯಮ್ ಜಾತಿಯ ಒಂದು ವಿಕೃತ ತಳಿ. ಅದರಲ್ಲಿ ಪತ್ರಹರಿತ್ತು ಇಲ್ಲದ ಕಾರಣ ಸ್ವಂತವಾಗಿ ಆಹಾರ ತಯಾರಿಸಲಾರದು. ಕಸಿ ಮಾಡಿದ ಹಸಿರು ಕಾಂಡವೇ ಅದನ್ನು ಸಾಕುತ್ತಿರುತ್ತದೆ. ಆ ಕಾಂಡ ಸಾಮಾನ್ಯವಾಗಿ ಡ್ರ್ಯಾಗನ್ ಹಣ್ಣಿನ ಬಳ್ಳಿಯದು, ಚಳಿ ಮತ್ತು ತೇವ ಒಟ್ಟಾದರೆ ಬೇಗ ಕೊಳೆಯುತ್ತದೆ. ತಲೆಯನ್ನು ಉಳಿಸುವುದಾದರೆ ಆರೋಗ್ಯವಾದ ಇನ್ನೊಂದು ಕಳ್ಳಿಯ ಕಾಂಡಕ್ಕೆ ಮರುಕಸಿ ಮಾಡಬೇಕು. ಸ್ಪಿರಿಟ್‌ನಿಂದ ಒರೆಸಿದ ಹರಿತವಾದ ಬ್ಲೇಡಿನಿಂದ ಎರಡನ್ನೂ ಸಮತಟ್ಟಾಗಿ ಕೊಯ್ದು, ಕೊಯ್ದ ಮೈಯ ನಡುವೆ ಕಾಣುವ ಉಂಗುರಗಳು ಒಂದು ಕಡೆಯಾದರೂ ಒಂದರ ಮೇಲೊಂದು ಬರುವಂತೆ ಕೂರಿಸಿ, ರಬ್ಬರ್ ಬ್ಯಾಂಡ್ ಹಾಕಿ ನೆರಳಿನಲ್ಲಿಡಿರಿ. ಒಂದೆರಡು ವಾರ ಕಸಿಯ ಜಾಗಕ್ಕೆ ನೀರು ತಾಗಬಾರದು. ಕೊಯ್ದಾಗ ತಲೆಯ ಒಳಭಾಗದಲ್ಲಿ ಕಂದು ಅಥವಾ ಕಿತ್ತಳೆ ಕಲೆ ಕಂಡರೆ ಕೊಳೆ ಮೇಲೇರಿದೆಯೆಂದು ಅರ್ಥ. ಶುಚಿಯಾದ ತಿರುಳು ಸಿಗುವವರೆಗೆ ಮತ್ತೆ ಕೊಯ್ಯಬೇಕು.

ಪ್ರಶ್ನೆ: ಅಂತರ್ಜಾಲದಲ್ಲಿ ಮಾರಾಟಗಾರರೊಬ್ಬರು ‘ನಿಸರ್ಗದಿಂದಲೇ ತಂದ ದಶಕಗಳ ಹಳೆಯ ಗಿಡ’ ಎಂದು ಕೋನೋಫೈಟಮ್ ಮತ್ತು ಕಳ್ಳಿಯ ಜಾತಿಗೆ ಸೇರಿದ ಅರಿಯೋಕಾರ್ಪಸ್‌ಗಳನ್ನು ತೋರಿಸುತ್ತಿದ್ದಾರೆ. ಇಂಥ ಗಿಡ ಸಂಗ್ರಹದಲ್ಲಿರಬೇಕೆಂಬ ಆಸೆ. ಕೊಳ್ಳಬಹುದೇ?

ಉತ್ತರ: ಕೊಳ್ಳಬಾರದು. ಈ ಅಂಕಣದಲ್ಲಿ ಇಷ್ಟು ಖಡಾಖಂಡಿತವಾಗಿ ಹೇಳುವ ಸಂದರ್ಭ ಕಡಿಮೆ.

2019ರಿಂದೀಚೆಗೆ ದಕ್ಷಿಣ ಆಫ್ರಿಕಾದ ಒಣನೆಲಗಳಿಂದ ಕೋನೋಫೈಟಮ್‌ಗಳನ್ನು ಭಾರೀ ಪ್ರಮಾಣದಲ್ಲಿ ಕದ್ದು ಸಾಗಿಸಲಾಗಿದೆ. ಈ ಗಿಡಗಳಲ್ಲಿ ಹಲವು ಒಂದೆರಡು ಬಂಡೆಗುಡ್ಡಗಳಲ್ಲಿ ಮಾತ್ರ ಬೆಳೆಯುವಂಥವು, ಹೀಗಾಗಿ ಕೆಲವೇ ದಿನಗಳ ಲೂಟಿಯಿಂದ ಒಂದು ಪ್ರಭೇದದ ನೆಲೆಯೇ ಬರಿದಾಗಬಲ್ಲದು. ಡಡ್ಲಿಯಾ ಎಂಬ ರಸಭರಿತ ಗಿಡಗಳನ್ನು ಕಡಲತೀರದ ಬಂಡೆಗಳಿಂದ ಕೀಳುವ ಹಾವಳಿ ಮಿತಿಮೀರಿದಾಗ ಕ್ಯಾಲಿಫೋರ್ನಿಯಾ 2021ರಲ್ಲಿ ಅವುಗಳಿಗಾಗಿಯೇ ಕಾನೂನು ಮಾಡಬೇಕಾಯಿತು. ಕಳ್ಳಿಗಳ ಸ್ಥಿತಿಯೂ ಉತ್ತಮವಾಗಿಲ್ಲ: 2015ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ ಕಳ್ಳಿ ಪ್ರಭೇದಗಳಲ್ಲಿ ಶೇಕಡಾ 31ರಷ್ಟು ಅಳಿವಿನ ಭೀತಿಯಲ್ಲಿವೆ. ಅರಿಯೋಕಾರ್ಪಸ್, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದ್ದು, ನಿಸರ್ಗದಿಂದ ಕಿತ್ತ ಗಿಡದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅವಕಾಶವೇ ಇಲ್ಲ.

ಮಾರಾಟಗಾರ ಬಾಯಿಬಿಟ್ಟು ಹೇಳದಿದ್ದರೂ ಗಿಡವೇ ಹೇಳುತ್ತದೆ. ಕಾಡಿನಿಂದ ಕಿತ್ತ ಗಿಡದ ತಾಯಿಬೇರು ತುಂಡಾಗಿರುತ್ತದೆ, ಮೈ ಒಂದು ಬದಿಗೆ ವಾಲಿರುತ್ತದೆ, ಬಿಸಿಲಿನ ಸುಟ್ಟ ಗುರುತು, ಹುಳು ಕೊರೆದ ಕಲೆ, ಸಂದುಗಳಲ್ಲಿ ಗಟ್ಟಿಯಾದ ಕಲ್ಲುಪುಡಿ ಇರುತ್ತವೆ, ಒಂದೇ ಕಂತಿನಲ್ಲಿ ಬಂದ ಗಿಡಗಳು ಬೇರೆ ಬೇರೆ ಗಾತ್ರದವಾಗಿರುತ್ತವೆ. ಬೀಜದಿಂದ ಬೆಳೆಸಿದ ಗಿಡಗಳು ಸಾಮಾನ್ಯವಾಗಿ ಒಂದೇ ಅಳತೆಯಲ್ಲಿ, ಚೊಕ್ಕಟವಾಗಿರುತ್ತವೆ. ಕಿತ್ತ ಹಳೆಯ ಗಿಡಗಳು ಕುಂಡಕ್ಕೆ ಒಗ್ಗುವುದೂ ಕಷ್ಟ. ತಮ್ಮಲ್ಲಿ ಕೂಡಿಟ್ಟ ನೀರಿನಿಂದ ಬಹುಕಾಲ ಬದುಕಿರುವಂತೆ ಕಂಡು ಕೊನೆಗೆ ಬೇರೂರದೆಯೇ ಸಾಯುತ್ತವೆ.

ಅದರ ಬದಲು ಬೀಜ ಬಿತ್ತಿರಿ. ಲಿಥಾಪ್ಸ್, ಕೋನೋಫೈಟಮ್‌ಗಳ ಬೀಜ ಪುಡಿಯಂತೆ ಸಣ್ಣ. ತೇವವಾದ ನಯ ಮರಳಿನ ಮೇಲೆ ಉದುರಿಸಿದರೆ ಸಾಕು, ಮುಚ್ಚಬೇಕಾಗಿಲ್ಲ. ಕುಂಡದ ಬಾಯಿಗೆ ಪ್ಲಾಸ್ಟಿಕ್ ಹೊದಿಸಿ ನೇರ ಬಿಸಿಲು ತಾಗದ ಬೆಳಕಿನಲ್ಲಿಟ್ಟರೆ ಒಂದೆರಡು ವಾರಗಳಲ್ಲಿ ಗುಂಡುಸೂಜಿಯ ತಲೆಯಷ್ಟೇ ಇರುವ ಹಸಿರು ಚುಕ್ಕೆಗಳು ಕಾಣುತ್ತವೆ. ಆಮೇಲೆ ಹೊದಿಕೆಯನ್ನು ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವೇ ಸರಿಸಬೇಕು. ಒಮ್ಮೆಗೇ ತೆಗೆದರೆ ಒಣಗುತ್ತವೆ, ತೆಗೆಯದಿದ್ದರೆ ಶಿಲೀಂಧ್ರ ಹತ್ತಿ ಸಾಲುಸಾಲಾಗಿ ಒರಗುತ್ತವೆ. ಬೆಳೆದ ಗಿಡದ ನಿಯಮ ಸಸಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಮರೆಯದಿರಿ: ಆ ಪುಟ್ಟ ಮೈಯಲ್ಲಿ ನೀರಿನ ದಾಸ್ತಾನು ಇರದ ಕಾರಣ ಮೊದಲ ವರ್ಷ ಮಣ್ಣು ಪೂರ್ತಿ ಒಣಗಬಾರದು. ಲಿಥಾಪ್ಸ್ ಹೂ ಬಿಡಲು ಸುಮಾರು ಮೂರು ವರ್ಷ ಬೇಕು. ಅರಿಯೋಕಾರ್ಪಸ್ ಇನ್ನೂ ಎಷ್ಟೋ ನಿಧಾನ. ಒಂದೇ ಬೀಜಕೋಶದಿಂದ ಬಂದ ಸಸಿಗಳಲ್ಲೂ ನೆತ್ತಿಯ ಮಚ್ಚೆ ಒಂದರಂತೆ ಇನ್ನೊಂದಕ್ಕಿರುವುದಿಲ್ಲ; ಅಪರೂಪದ್ದನ್ನು ಹುಡುಕುವವರಿಗೆ ಅದು ಸಾಲದೇ?

ಪ್ರಶ್ನೆ: ಚೆಂಡಿನಾಕಾರದ ಯೂಫೋರ್ಬಿಯಾ ಒಬೆಸಾ ಪ್ರತಿ ವರ್ಷ ಹೂ ಬಿಟ್ಟರೂ ಬೀಜ ಕಟ್ಟುವುದಿಲ್ಲ. ಏಕೆ?

ಉತ್ತರ: ಇದರಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಒಂದೇ ಹೊತ್ತಿಗೆ ಹೂ ಬಿಡುವ ಎರಡೂ ಬಗೆಯ ಗಿಡಗಳಿರಬೇಕು. ಪರಾಗವನ್ನು ಸಣ್ಣ ಕುಂಚದಿಂದ ದಾಟಿಸಿ, ಕಾಯಿ ಕಟ್ಟಿದ ಮೇಲೆ ತೆಳುಬಲೆ ಹೊದಿಸಿರಿ, ಮಾಗಿದ ಕಾಯಿ ಸಿಡಿದು ಬೀಜ ದೂರ ಹಾರುತ್ತದೆ. ಗಾಯವಾದರೆ ಒಸರುವ ಬಿಳಿ ಹಾಲು ಕಣ್ಣಿಗೆ ಬಹಳ ಅಪಾಯಕಾರಿ.

ಪ್ರಶ್ನೆ: ಹವೋರ್ಥಿಯಾ ಎಂದು ಕೊಂಡ ಗಿಡಗಳಲ್ಲಿ ಕೆಲವನ್ನು ಈಗ ಹವೋರ್ಥಿಯಾಪ್ಸಿಸ್ ಎನ್ನುತ್ತಿದ್ದಾರೆ. ಹಳೆಯ ಚೀಟಿ ತೆಗೆದು ಹೊಸದು ಬರೆಯಲೇ?

ಉತ್ತರ: 2013ರಲ್ಲಿ ಹವೋರ್ಥಿಯಾ ಕುಲವನ್ನು ಒಡೆದು ಕೆಲವು ಪ್ರಭೇದಗಳನ್ನು ಹವೋರ್ಥಿಯಾಪ್ಸಿಸ್, ಟುಲಿಸ್ಟಾ ಎಂಬ ಕುಲಗಳಿಗೆ ಸೇರಿಸಿದ್ದಾರೆ. ಹೊಸ ಹೆಸರನ್ನು ಬರೆಯಿರಿ, ಆದರೆ ಹಳೆಯ ಚೀಟಿಯನ್ನು ಎಸೆಯಬೇಡಿರಿ. ಅದರಲ್ಲಿ ಸಂಗ್ರಹ ಸಂಖ್ಯೆ (ಮೂಲ ಗಿಡವನ್ನು ನಿಸರ್ಗದಲ್ಲಿ ಸಂಗ್ರಹಿಸಿದವರು ಕೊಟ್ಟ ಸಂಖ್ಯೆ) ಅಥವಾ ಮೂಲನೆಲೆಯ ಹೆಸರು ಇದ್ದರೆ ಅದು ಗಿಡದ ಹೆಸರಿಗಿಂತ ಮುಖ್ಯ. ಹೆಸರನ್ನು ಗಿಡ ನೋಡಿ ಮತ್ತೆ ಪತ್ತೆಹಚ್ಚಬಹುದು, ಮೂಲನೆಲೆ ಒಮ್ಮೆ ಕಳೆದರೆ ಮರಳಿ ಸಿಗುವುದಿಲ್ಲ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಶಾಯಿ ಬಿಸಿಲಿಗೆ ಮಾಸುತ್ತದೆ. ಅದರ ಇನ್ನೊಂದು ಪ್ರತಿಯನ್ನು ಕುಂಡದ ಮಣ್ಣಿನೊಳಗೆ ಹೂತಿಡುವುದು ಕ್ಷೇಮ.