ಓದುಗರ ಪ್ರಶ್ನೆ: ‘ರೇನ್’ ಚಿತ್ರದ ಮಿಷನರಿ ಆಷಾಢಭೂತಿಯೇ?

ಪ್ರಶ್ನೆ: 1932ರ ‘ರೇನ್’ ಎಂಬ ಹಾಲಿವುಡ್ ಚಿತ್ರವನ್ನು ಇತ್ತೀಚೆಗೆ ನೋಡಿದೆ. ಮೈಮಾರಿ ಬದುಕುವ ಸೇಡಿ ಥಾಂಪ್ಸನ್ ಎಂಬವಳನ್ನು ಉದ್ಧರಿಸಲು ಹೊರಟ ಮಿಷನರಿ ಡೇವಿಡ್‌ಸನ್ ಕೊನೆಗೆ ಅವಳ ಕೋಣೆಗೇ ನುಗ್ಗುತ್ತಾನೆ, ಬೆಳಗಾಗುವುದರೊಳಗೆ ಪ್ರಾಣ ಕಳೆದುಕೊಳ್ಳುತ್ತಾನೆ. ಈತ ಮೊದಲಿನಿಂದಲೂ ಆಷಾಢಭೂತಿಯೇ, ಅಥವಾ ಆ ಒಂದು ರಾತ್ರಿ ಮಾತ್ರ ಜಾರಿದವನೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನೀವು ಬಳಸಿದ ಪದದಿಂದಲೇ ಹೊರಡುವುದು ಒಳ್ಳೆಯದು. ಪಂಚತಂತ್ರದ ಆಷಾಢಭೂತಿ ಸನ್ಯಾಸಿಯ ಹಣದ ಗಂಟಿಗೆ ಕಣ್ಣಿಟ್ಟೇ ಶಿಷ್ಯನ ವೇಷ ಹಾಕಿದವನು. ತಾನು ಕಳ್ಳನೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಡೇವಿಡ್‌ಸನ್ನನಿಗೆ ಅಂಥ ಒಳಗುಟ್ಟು ಯಾವುದೂ ಇಲ್ಲ. ಅವನು ಹೇಳುವ ಒಂದೊಂದು ಮಾತನ್ನೂ ನಂಬಿಯೇ ಹೇಳುತ್ತಾನೆ, ಮತ್ತು ಅವನ ಬಗ್ಗೆ ನಮಗೆ ಹುಟ್ಟುವ ಭಯಕ್ಕೆ ಕಾರಣವೂ ಅದೇ ಎಂಬುದು ನನ್ನ ಅಭಿಪ್ರಾಯ.

ಚಿತ್ರದ ಮೂಲವಾದ, ಇಂಗ್ಲಿಷ್ ಲೇಖಕ ಸಾಮರ್‌ಸೆಟ್ ಮಾಮ್ ಅವರ ಸಣ್ಣಕತೆಯನ್ನು ಓದಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಮಾಮ್ 1916ರ ಕೊನೆಯಲ್ಲಿ ಹೊನೊಲುಲುವಿನಿಂದ ಅಮೆರಿಕನ್ ಸಮೋವಾದ ಪಾಗೊ ಪಾಗೊಗೆ ಹಡಗಿನಲ್ಲಿ ಹೋಗಿದ್ದರು. ಆ ಪಯಣದಲ್ಲಿ ಕಂಡ ಸಹಪ್ರಯಾಣಿಕರಿಂದ ಹುಟ್ಟಿದ ಕತೆ 1921ರಲ್ಲಿ ‘ಮಿಸ್ ಥಾಂಪ್ಸನ್’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ದಡಾರದ ಭಯದಿಂದ ಹಡಗು ಹೊರಡದೆ ಪ್ರಯಾಣಿಕರು ಬಿಡದೆ ಸುರಿಯುವ ಮಳೆಯಲ್ಲಿ ಒಂದೇ ಮನೆಯ ಮೇಲೆ ಕೆಳಗೆ ಸಿಕ್ಕಿಬೀಳುತ್ತಾರೆ. ಕೆಳಗಿನ ಕೋಣೆಯಿಂದ ಸೇಡಿಯ ಗ್ರಾಮಫೋನು ಕೇಳುತ್ತದೆ; ಮೇಲೆ ಡೇವಿಡ್‌ಸನ್ ತನ್ನ ದ್ವೀಪಗಳಲ್ಲಿ ಧರ್ಮವನ್ನು ಹೇಗೆ ನೆಲೆಗೊಳಿಸಿದೆನೆಂದು ಸಹಪ್ರಯಾಣಿಕನಾದ ವೈದ್ಯನಿಗೆ ವಿವರಿಸುತ್ತಾನೆ. ಚರ್ಚಿಗೆ ಬಾರದಿದ್ದರೆ ದಂಡ, ಕುಣಿದರೆ ದಂಡ, ಮೈತುಂಬ ಬಟ್ಟೆ ತೊಡದಿದ್ದರೆ ದಂಡ. ಪ್ರತಿಯೊಂದು ಪಾಪಕ್ಕೂ ಅವನ ಬಳಿ ಒಂದು ದರಪಟ್ಟಿಯಿದೆ, ದುಡ್ಡಿಲ್ಲದವರು ದುಡಿದು ತೀರಿಸಬೇಕು. ಇದನ್ನು ಅವನು ನಾಚಿಕೆಯಿಂದ ಹೇಳುವುದಿಲ್ಲ, ರೈತ ತನ್ನ ಬೆಳೆಯನ್ನು ತೋರಿಸುವಂತೆ ತೋರಿಸುತ್ತಾನೆ. ತನ್ನದೇ ಚಪಲಕ್ಕಾಗಿ ನಾಟಕವಾಡುವವನು ಹೀಗೆ ಲೆಕ್ಕ ಇಡುವುದಿಲ್ಲ.

ಹಾಗೆಂದು ಆ ರಾತ್ರಿಯದು ಬರೀ ಆಕಸ್ಮಿಕವೂ ಅಲ್ಲ. ಕತೆಯಲ್ಲಿ ಒಂದು ಸಣ್ಣ ಮಾತಿದೆ, ಓದುವಾಗ ಕೈಜಾರಿಬಿಡಬಹುದಾದಷ್ಟು ಸಣ್ಣದು. ತನ್ನ ಗಂಡನಿಗೆ ನೆಬ್ರಾಸ್ಕದ ಬೆಟ್ಟಗಳು ಕನಸಿನಲ್ಲಿ ಕಾಣಿಸುತ್ತಿವೆ ಎಂದು ಮಿಷನರಿಯ ಹೆಂಡತಿ ವೈದ್ಯನಿಗೆ ಹೇಳುತ್ತಾಳೆ. ಬಯಲಿನಿಂದ ದಿಢೀರನೆ ಎದ್ದ, ನುಣ್ಣಗೆ ದುಂಡಗಿರುವ ಆ ಗುಡ್ಡಗಳನ್ನು ವೈದ್ಯ ಹಿಂದೊಮ್ಮೆ ರೈಲಿನ ಕಿಟಕಿಯಿಂದ ಕಂಡಿದ್ದ; ಅವು ಹೆಣ್ಣಿನ ಎದೆಯಂತೆ ತೋರಿದ್ದವೆಂಬುದು ಅವನಿಗೆ ಈಗ ನೆನಪಾಗುತ್ತದೆ. ಮಾಮ್ ಅಷ್ಟಕ್ಕೇ ನಿಲ್ಲಿಸುತ್ತಾರೆ. ಸೇಡಿಯ ಪಕ್ಕದಲ್ಲಿ ಹಗಲೂ ರಾತ್ರಿ ಮಂಡಿಯೂರಿ ಪ್ರಾರ್ಥಿಸುತ್ತಿರುವ ಮನುಷ್ಯನಿಗೆ ತನ್ನ ಕನಸು ಏನನ್ನು ಹೇಳುತ್ತಿದೆಯೆಂದು ತಿಳಿದಿಲ್ಲ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂಬ ನಮ್ಮ ಗಾದೆ ಇವನಿಗೆ ಅರ್ಧ ಮಾತ್ರ ಹೊಂದುತ್ತದೆ: ಗಾಳವನ್ನು ಹಾಕಿದವನೂ ಅವನೇ, ಕಚ್ಚಿದವನೂ ಅವನೇ.

ಚಿತ್ರದಲ್ಲಿ ಈ ಕೆಲಸವನ್ನು ಡೇವಿಡ್‌ಸನ್ ಪಾತ್ರ ವಹಿಸಿದ ವಾಲ್ಟರ್ ಹಸ್ಟನ್ ಅವರ ಮುಖ ಮಾಡುತ್ತದೆ. ಕೊನೆಯ ರಾತ್ರಿಯ ದೃಶ್ಯವನ್ನು ಇನ್ನೊಮ್ಮೆ ನೋಡಿ. ಅವನು ಒಂದು ಮಾತೂ ಆಡುವುದಿಲ್ಲ, ದೂರದಲ್ಲಿ ದ್ವೀಪದವರ ಡೋಲಿನ ಸದ್ದು ಮಾತ್ರ ಕೇಳುತ್ತಿರುತ್ತದೆ.

ಪ್ರಶ್ನೆ: ಸೇಡಿಯ ಪರಿವರ್ತನೆ ನಿಜವಾದದ್ದೇ? ನನಗೇಕೋ ಆ ಭಾಗ ಅಸಹಜವೆನಿಸಿತು.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಸಹಜವೆನಿಸಬೇಕೆಂದೇ ನಿರ್ದೇಶಕ ಲೂಯಿಸ್ ಮೈಲ್‌ಸ್ಟೋನ್ ಹಾಗೆ ಚಿತ್ರಿಸಿದಂತಿದೆ. ಸೇಡಿಯಾಗಿ ನಟಿಸಿದ ಜೋನ್ ಕ್ರಾಫರ್ಡ್ ಮೊದಲು ತೆರೆಗೆ ಬರುವುದು ತುಂಡುತುಂಡಾಗಿ: ಬಾಗಿಲ ಚೌಕಟ್ಟನ್ನು ಹಿಡಿದ, ಬಳೆಗಳಿಂದ ತುಂಬಿದ ಕೈ, ಆಮೇಲೆ ಇನ್ನೊಂದು ಕೈ, ಎತ್ತರ ಹಿಮ್ಮಡಿಯ ಪಾದಗಳು, ಕಟ್ಟಕಡೆಗೆ ಗಾಢವಾಗಿ ಬಣ್ಣ ಬಳಿದ ಮುಖ. ಮೆಟ್ಟಿಲ ಬಳಿಯ ದೃಶ್ಯದಲ್ಲಿ ಅವಳು ಡೇವಿಡ್‌ಸನ್ನನ ಮೇಲೆ ಕಿರುಚುತ್ತಿರುವಾಗ ಅವನು ಅವಳಿಗೆ ಉತ್ತರವನ್ನೇ ಕೊಡದೆ ಯೇಸು ಕಲಿಸಿದ ಪ್ರಾರ್ಥನೆಯನ್ನು ಒಂದೇ ಸ್ವರದಲ್ಲಿ ಹೇಳುತ್ತಾ ಹೋಗುತ್ತಾನೆ, ಸ್ವಲ್ಪ ಹೊತ್ತಿಗೆ ಅವಳ ಬಾಯಿಂದಲೂ ಅದೇ ಮಾತುಗಳು ಹೊರಡುತ್ತವೆ. ಇದನ್ನು ಮನಸ್ಸು ತಿರುಗಿದ್ದು ಎನ್ನುವುದಕ್ಕಿಂತ ಮನಸ್ಸು ಮುರಿದದ್ದು ಎನ್ನುವುದೇ ಸರಿ. ಆ ಬಳಿಕ ಬಣ್ಣವಿಲ್ಲದ ಮುಖದಲ್ಲಿ ಕ್ರಾಫರ್ಡ್ ನಿದ್ದೆಯಲ್ಲಿ ನಡೆಯುವವಳಂತೆ ಮಾತಾಡುತ್ತಾರೆ, ಸೆರೆವಾಸ ಕಾದಿರುವ ಸ್ಯಾನ್ ಫ್ರಾನ್ಸಿಸ್ಕೊಗೆ ಮರಳಲು ಒಪ್ಪಿಬಿಡುತ್ತಾರೆ. ಕೊನೆಯಲ್ಲಿ ಗ್ರಾಮಫೋನು ಮತ್ತೆ ಹಾಡತೊಡಗಿ ಅದೇ ಬಳೆ, ಅದೇ ಪಾದಗಳು ತೆರೆಗೆ ಬಂದಾಗ ನೋಡುವವರಿಗೆ ಉಸಿರು ಬಿಟ್ಟಂತಾಗುತ್ತದೆ.

ಆದರೆ ಕತೆಯ ಕೊನೆ ಇದಕ್ಕಿಂತ ಖಾರವಾದದ್ದು. ಚಿತ್ರದಲ್ಲಿರುವಂತೆ ಸೇಡಿಯನ್ನು ಕೈಹಿಡಿಯಲು ಅಲ್ಲಿ ಯಾವ ಸೈನಿಕನೂ ಇಲ್ಲ. ಗಂಡಸರೆಲ್ಲರೂ ಹಂದಿಗಳೆಂದು ಅವಳು ಉಗಿಯುತ್ತಾಳೆ, ಏನು ನಡೆದಿರಬೇಕೆಂದು ವೈದ್ಯನಿಗೆ ಆಗ ಹೊಳೆಯುತ್ತದೆ. ಸೈನಿಕನನ್ನು ತಂದು ಅವಳಿಗೆ ದಾರಿ ತೋರಿಸಿದ್ದು ಈ ಕತೆಯನ್ನು ಆಧರಿಸಿ 1922ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ಬಂದ ‘ರೇನ್’ ನಾಟಕ. ನನಗೆ ಕತೆಯ ಕೊನೆಯೇ ಮೇಲು.

ಪ್ರಶ್ನೆ: ಇದೇ ಕತೆಯ 1928ರ ಮೂಕಿ ಚಿತ್ರದಲ್ಲಿ ಡೇವಿಡ್‌ಸನ್ ಪಾದ್ರಿಯೇ ಅಲ್ಲವಂತೆ, ಹೌದೇ? ಆ ಚಿತ್ರ ಪೂರ್ತಿಯಾಗಿ ಸಿಗುತ್ತದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಹೌದು, ‘ಸೇಡಿ ಥಾಂಪ್ಸನ್’ ಚಿತ್ರದಲ್ಲಿ ಲಯೋನೆಲ್ ಬ್ಯಾರಿಮೋರ್ ನಟಿಸಿದ ಪಾತ್ರ ಪಾದ್ರಿಯದಲ್ಲ, ಸಮಾಜ ಸುಧಾರಕನದು. ಯಾವ ನಾಟಕ, ಯಾವ ಕಾದಂಬರಿ ತೆರೆಗೆ ಬರಕೂಡದು ಎಂಬುದರ ಮೇಲೆ ಹಾಲಿವುಡ್ ನಿರ್ಮಾಪಕರ ಸಂಘದ ಮುಖ್ಯಸ್ಥ ವಿಲ್ ಹೇಸ್ ಅವರ ಕಚೇರಿ ಆಗ ಕಣ್ಣಿಟ್ಟಿತ್ತು, ‘ರೇನ್’ ನಾಟಕ ಅಂಥವುಗಳ ಸಾಲಿನಲ್ಲಿತ್ತು. ನಟಿ ಮತ್ತು ನಿರ್ಮಾಪಕಿ ಗ್ಲೋರಿಯಾ ಸ್ವಾನ್ಸನ್ ನಾಟಕದ ಹೆಸರನ್ನೇ ಎತ್ತದೆ, ಮಾಮ್ ಅವರ ಕತೆಯನ್ನಷ್ಟೇ ಮುಂದಿಟ್ಟು, ಪಾದ್ರಿಯನ್ನು ಸುಧಾರಕನನ್ನಾಗಿ ಬದಲಿಸುವುದಾಗಿ ಹೇಳಿ, ಹೇಸ್ ಅವರನ್ನು ಊಟಕ್ಕೆ ಕರೆದು ಒಪ್ಪಿಗೆ ಪಡೆದರು. ಇತರ ನಿರ್ಮಾಪಕರು ಸಿಟ್ಟಿಗೆದ್ದರೂ ಆ ವೇಳೆಗೆ ಸ್ವಾನ್ಸನ್ ಹೇಸ್ ಅವರಿಂದ ಮಾತು ತೆಗೆದುಕೊಂಡಾಗಿತ್ತು. ವೇಷ ಬದಲಾದರೂ ಮನುಷ್ಯ ಯಾರೆಂಬುದು ಪ್ರೇಕ್ಷಕರಿಗೆ ತಿಳಿಯದೆ ಇರಲಿಲ್ಲ. ಚಿತ್ರಗಳಲ್ಲಿ ಏನನ್ನು ತೋರಿಸಬಹುದು ಎಂಬುದಕ್ಕೆ ಹಾಲಿವುಡ್ ತಾನೇ ಹಾಕಿಕೊಂಡ 1930ರ ಸಂಹಿತೆ ಧರ್ಮಗುರುಗಳನ್ನು ಖಳರನ್ನಾಗಿ ತೋರಿಸಕೂಡದೆಂದು ವಿಧಿಸಿತ್ತು; 1934ರ ನಡುವಿನಿಂದ ಅದು ಬಿಗಿಯಾಗಿ ಜಾರಿಗೆ ಬಂದ ಮೇಲೆ ಹಸ್ಟನ್ ಅವರ ಡೇವಿಡ್‌ಸನ್ನನಂಥ ಪಾತ್ರಕ್ಕೆ ದಾರಿಯೇ ಇರಲಿಲ್ಲ.

ಸ್ವಾನ್ಸನ್ ಅವರ ಅಭಿನಯ ಮೊದಲ ಅಕಾಡೆಮಿ ಪ್ರಶಸ್ತಿಗಳಿಗೆ ನಾಮನಿರ್ದೇಶನ ಪಡೆಯಿತು. ಸೈನಿಕನ ಪಾತ್ರವನ್ನು ನಿರ್ದೇಶಕ ರಾವುಲ್ ವಾಲ್ಷ್ ಅವರೇ ವಹಿಸಿದ್ದರು, ಅದೂ ಲವಲವಿಕೆಯಿಂದ. ಚಿತ್ರ ಮಾತ್ರ ಪೂರ್ತಿಯಾಗಿ ಉಳಿದಿಲ್ಲ: ಕಡೆಯ ರೀಲು ಕಳೆದುಹೋಗಿದೆ. ಈಗ ನೋಡಲು ಸಿಗುವ ಪ್ರತಿಯಲ್ಲಿ ಆ ಜಾಗವನ್ನು ಸ್ಥಿರಚಿತ್ರಗಳಿಂದಲೂ ನೀವು ನೋಡಿದ 1932ರ ಚಿತ್ರದ ಕೆಲವು ತುಣುಕುಗಳಿಂದಲೂ ತುಂಬಲಾಗಿದೆ.